ಕಲಾಯಿ ಇಲ್ಲದ ಹಂಡೆ

ಠಾಣಾ ಕುಶನೂರ
ತಾ. ೧೨ ಫೆಬ್ರವರಿ ೧೯೫೦

ಚಿರಂಜೀವಿ ವೈಜಿನಾಥನಿಗೆ ಅಣ್ಣ ಧೊಂಡಿಬಾ ಮಾಡುವ ಆಶೀರ್ವಾದ.

ಈ ವಯಸ್ಸಿನಲ್ಲಿ ನನ್ನ ಕೈಗೆ ಟಾಕು ಹಿಡಿಸಿದೆಯಲ್ಲ, ನಿನಗೆ ಏನನ್ನಬೇಕು? ಉರ್ದು ಮಾಸ್ತರ ಹೊಡೆದನೆಂದು ಸಾಲೆ ಬಿಟ್ಟು ಕುರಿಯ ಹಿಂದೆ ಹೋದವನು ನಾನು. ಮಠದಲ್ಲಿ ಕಲಿತ ನಾಲ್ಕು ಕನ್ನಡ ಅಕ್ಷರಗಳೇ ನನ್ನ ಬಂಡವಾಳ. ಬೇರೆಯವರಿಂದ ಬರೆಸೋಣವೆಂದರೆ ಇದು ಬೇರೆಯವರ ಮುಂದೆ ಬಾಯಿ ಬಿಡುವ ವಿಷಯವಲ್ಲ. ನಿನ್ನ ಪತ್ರ ಸಂಕ್ರಾಂತಿಗೇ ಬಂದಿತ್ತು. ಉತ್ತರ ತಡವಾಯಿತು, ಸಿಟ್ಟಾಗಬೇಡ ಎಂದು ಬರೆಯಲು ನಿನ್ನ ಅತ್ತಿಗೆ ಅಂಜನಾಬಾಯಿ ಹೇಳುತ್ತಾಳೆ. ಸಿಟ್ಟಾಗುವುದಿದ್ದರೆ ಆಗು.

ಕುರಿಗಳು ಚೆನ್ನಾಗಿವೆ. ತೊಗರಿ ರಾಶಿ ಮುಗಿಯಿತು. ಅತ್ತಿಗೆಯ ಮೊಣಕಾಲು ನೋವು ಹಾಗೇ ಇದೆ.

ಉಗಾದಿ ಆದ ಮೇಲೆ ಮಗ ಮಚ್ಛೇಂದ್ರನ ಮದುವೆ ಊರಲ್ಲೇ ಮಾಡುತ್ತೇನೆ, ಅಪ್ಪ ಮಾಡಿಸಿದ ಎರಡೂ ತಾಮ್ರದ ಹಂಡೆ ತೊಳೆಸಿ ಇಡು ಎಂದು ಬರೆದಿದ್ದೀಯ. ಕೊಡುವುದಿಲ್ಲ. ಅವನ್ನು ಕೋಣೆಯಲ್ಲಿಟ್ಟು ಕೀಲಿ ಜಡಿದಿದ್ದೇನೆ. ಕೀಲಿಕೈ ನನ್ನ ಉಡದಾರದಲ್ಲಿದೆ.

ಯಾಕೆ ಎಂದು ಕೇಳುವಷ್ಟು ನಾಚಿಕೆಗೆಟ್ಟವನು ನೀನು, ಅದಕ್ಕೇ ಬರೆಯುತ್ತೇನೆ. ಈ ಊರಲ್ಲಿ ಯಾರ ಮದುವೆಯೇ ಇರಲಿ, ಹಂಡೆಗಳು ಮೊದಲು ಬೇವಿನ ಗಿಡದ ಕೆಳಗೆ ಕರೀಮ ಸಾಬನ ಮುಂದೆ ಹೋಗಬೇಕು. ಅವನು ತಿದಿ ಊದಿ, ಹಂಡೆ ಕಾಸಿ, ನವಸಾಗರ ಹಾಕಿ, ತವರ ಸವರಿ, ಒಳಗೆಲ್ಲ ಬೆಳ್ಳಿಯ ಹಾಗೆ ಮಾಡಿ ಕೊಡಬೇಕು. ಆ ಮೇಲೆಯೇ ಒಲೆ. ಅಪ್ಪನ ಕಾಲದಿಂದ ನಡೆದದ್ದು ಇದು. ಪೊಲೀಸ್ ಆ್ಯಕ್ಷನ್ ಆದ ವಾರ ನೀನು ನಿನ್ನ ಗೆಳೆಯರನ್ನು ಕಟ್ಟಿಕೊಂಡು ಹೋಗಿ ಅವನ ತಿದಿ ಹರಿದೆ, ಗುಡಿಸಲು ಕೆಡವಿದೆ. ರಜಾಕಾರರು ಊರಿಗೆ ಬಂದಾಗ ಅವನ ಎರಡು ಆಡುಗಳನ್ನೂ ಹೊಡೆದುಕೊಂಡು ಹೋಗಿದ್ದರು, ಅದು ನಿನಗೆ ಗೊತ್ತಿತ್ತು. ಆದರೂ ಮಾಡಿದೆ. ಅವನು ಜೀವ ಉಳಿಸಿಕೊಂಡು ಬೀದರಿಗೆ ಓಡಿದ. ಹೆಂಡತಿ ಫಕ್ರುನ್ನಿಸಾ ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೋಗಲಾರದೆ ಊರಲ್ಲೇ ಉಳಿದಳು.

ಹೋದ ವೈಶಾಖದಲ್ಲಿ ನಿನ್ನ ಮಗಳು ಭೀಮಬಾಯಿಯ ಮದುವೆ ಬಂತು. ಹಂಡೆಯ ಒಳಗೆ ಕಲಾಯಿ ಹಾರಿ ಕೆಂಪು ತಾಮ್ರ ಕಾಣುತ್ತಿತ್ತು. ಕಢಿಯನ್ನಾದರೂ ಮಣ್ಣಿನ ಗಡಿಗೆಯಲ್ಲಿ ಮಾಡಿಸು ಎಂದು ನಾನು ನಾಲ್ಕು ಜನರ ಮುಂದೆ ಹೇಳಿದೆ. ನೀನು ಹುಣಸೆಹಣ್ಣು ಹಾಕಿ ತಿಕ್ಕಿಸಿ, ಹಂಡೆಯನ್ನು ಬಿಸಿಲಿಗೆ ಹಿಡಿದು ನಕ್ಕೆ. "ಬಂಗಾರ ಹೊಳದಂಗ ಹೊಳೀತದ, ಇನ್ನೇನ ಬೇಕು? ಅಣ್ಣಾ, ನೀ ಕುರಿ ಕಾಯಿ ಹೋಗು" ಎಂದೆ. ಎಲ್ಲರೂ ನಕ್ಕರು.

ಹುಳಿ ಮಜ್ಜಿಗೆಯ ಕಢಿ ಆ ಹಂಡೆಯಲ್ಲಿ ಕುದಿಯಿತು. ಉಳಿದದ್ದು ಅದರಲ್ಲೇ ಮರುದಿನದವರೆಗೆ ಕುಳಿತಿತು. ಚೆಲ್ಲಿಸಲಿಲ್ಲ ನೀನು. ಹಂಡೆ ತೊಳೆಯಲು ಬಂದ ಕೂಲಿಯವರಿಗೆ, ಮಕ್ಕಳಿಗೆ ರೊಟ್ಟಿಯ ಜೊತೆ ಹಂಚಿಸಿ ದೊಡ್ಡವನಾದೆ. ಮಧ್ಯಾಹ್ನದೊಳಗೆ ಓಣಿಯ ತುಂಬ ವಾಂತಿ. ನನ್ನ ಮೊಮ್ಮಗಳು ಪುತಳಿ ಹಸಿರು ಹಸಿರಾಗಿ ಕಾರಿದಳು.

ಆಗ ನೀನು ಏನಂದೆ ಎಂಬುದು ನೆನಪಿದೆಯೇ? ಬಾವಿಗೆ ವಿಷ ಹಾಕಿದ್ದಾರೆ ಎಂದೆ. ಬೆಳಿಗ್ಗೆ ಫಕ್ರುನ್ನಿಸಾ ನೀರು ಸೇದಿದ್ದನ್ನು ನೋಡಿದ್ದೇನೆ ಎಂದೆ. ಮನೆ ಮನೆ ಹೊಕ್ಕು ತುಂಬಿದ ಕೊಡಗಳನ್ನು ಚೆಲ್ಲಿಸಿದೆ. ಬಾವಿಯ ಕಟ್ಟೆಗೆ ಜಾಲಿ ಮುಳ್ಳು ಬಡಿಸಿ ದೊಣ್ಣೆ ಹಿಡಿದು ಕುಳಿತೆ. ಆ ಹೆಂಗಸನ್ನು ಕೂದಲು ಹಿಡಿದು ಎಳೆದು ತಂದರು. ನೀನೇ ಒಂದು ಕೊಡ ಸೇದಿಸಿ, ಎಲ್ಲರೆದುರು ಅವಳಿಗೆ ಕುಡಿಸಿದೆ. ಕುಡಿದಳು. ಬಸಿರಿಯ ಹಾಗೆ ಹೊಟ್ಟೆ ಉಬ್ಬುವ ತನಕ ಕುಡಿದಳು. ಏನೂ ಆಗಲಿಲ್ಲ. ಅಷ್ಟಕ್ಕೆ ಬಿಟ್ಟೆಯಾ? "ಇವರ ವಿಷ ಇವರಿಗಿ ಹತ್ತೂದಿಲ್ಲ" ಎಂದು ದೊಣ್ಣೆ ಎತ್ತಿದೆ. ಅವಳ ಎಡಗೈ ಇವತ್ತಿಗೂ ನೆಟ್ಟಗಿಲ್ಲ.

ಸಂಜೆಯೊಳಗೆ ಪುತಳಿ ಹೋದಳು, ಕೂಲಿಯ ಧರ್ಮಾಬಾಯಿಯ ಮಗ ಹೋದ. ನೀನು ಮಗಳನ್ನು ಗಂಡನ ಮನೆಗೆ ಕಳಿಸಿ ಭಾಲ್ಕಿಗೆ ಹೋದೆ. ಮೂರನೆಯ ದಿನ ಔರಾದದಿಂದ ಡಾಕ್ಟರ ಬಂದ. ಬಾವಿಯ ನೀರನ್ನು ಬೊಗಸೆಯಲ್ಲಿ ತೆಗೆದು ಕುಡಿದೇ ಬಿಟ್ಟ. ಹಂಡೆಯ ಅಂಚಿನ ಹಸಿರು ಕಿಲುಬನ್ನು ಉಗುರಿನಿಂದ ಕೆರೆದು ತೋರಿಸಿ, ಹುಳಿ ಬಿದ್ದ ತಾಮ್ರ ಬಿಟ್ಟ ನಂಜು ಇದೇ, ಬೇರೆ ವಿಷ ಯಾರೂ ಹಾಕಿಲ್ಲ ಎಂದ. ನಿನಗೆ ಹೇಳಿ ಕಳಿಸಿದೆ. ನೀನು ಬರಲಿಲ್ಲ. ಭಾಲ್ಕಿಯಲ್ಲಿ ಇವತ್ತಿಗೂ ಬಾವಿಯ ಕಥೆಯನ್ನೇ ಹೇಳಿಕೊಂಡು ತಿರುಗುತ್ತೀಯಂತೆ.

ಈಗ ಊರಲ್ಲಿ ಕಲಾಯಿ ಇಲ್ಲದ ಪಾತ್ರೆ ಒಲೆಗೆ ಏರಲು ನಾನು ಬಿಡುವುದಿಲ್ಲ. ಉಳಿದ ಕಢಿ ಕಂಡರೆ ಕೇಳದೆ ಚೆಲ್ಲುತ್ತೇನೆ. ಹೋದ ತಿಂಗಳು ಒಂದು ತೊಟ್ಟಿಲ ಮನೆಯಲ್ಲಿ ಹಂಡೆಯನ್ನೇ ಒದ್ದೆ, ಬಾಣಂತಿಯ ತಾಯಿ ಮಣ್ಣು ತೂರಿ ಬೈದಳು. ಬೈಯಲಿ. ಕಢಿ ಚೆಲ್ಲೋ ಧೊಂಡ್ಯಾ ಎಂದು ಹುಡುಗರು ಕೂಗುತ್ತಾರೆ. ಕೂಗಲಿ, ಕೂಗಲು ಜೀವಂತ ಇದ್ದಾರಲ್ಲ. ತಹಸೀಲ ಕಚೇರಿಯವರು ನಿನಗೆ ಮರ್ಯಾದೆ ಕೊಡುತ್ತಾರೆ ಎಂದು ಬರೆದಿದ್ದೀಯ. ಹಾಗಿದ್ದರೆ ಪಂಕ್ತಿಯ ಪಾತ್ರೆಗೆ ಕಲಾಯಿ ನೋಡಿಯೇ ಅಡುಗೆ ಎಂದು ಊರೂರಿಗೆ ಡಂಗುರ ಹೊಡೆಸು. ಅಷ್ಟಾದರೂ ಉಪಯೋಗಕ್ಕೆ ಬಾ.

ಬೀದರಿಗೆ ಹೋಗಿ ಕರೀಮ ಸಾಬನನ್ನು ಕಂಡು ಬಂದೆ. ಕೋಟೆಯ ಹತ್ತಿರ ರಸ್ತೆಯ ಬದಿಗೆ ಕುಳಿತು ಕಲಾಯಿ ಮಾಡುತ್ತಾನೆ. "ಬರ್ತೇನ್ರಿ, ಹಂಡೆ ಏನ ಪಾಪ ಮಾಡ್ಯಾವ?" ಎಂದ. ಅತ್ತೆ ತೀರಿದ ಮೇಲೆ ಫಕ್ರುನ್ನಿಸಾಳೂ ಅಲ್ಲಿಗೇ ಹೋಗಿದ್ದಾಳೆ; ಹಿಂದಿನ ಗುಡಿಸಲಿನಿಂದ ಬಂದು ಅವನ ಬಾಯಿ ಮುಚ್ಚಿಸಿದಳು.

"ನೀರ ಕುಡಿಸಿದಾಂವ ಬಂದು ಕರೀಲಿ. ಬಾವಿ ಕಟ್ಟಿ ಮ್ಯಾಲ ನಿಂತು, ನೀರಾಗ ಏನೂ ಇದ್ದಿಲ್ಲ ಅಂತ ಊರ ಮುಂದ ಹೇಳ್ಲಿ. ಆಮ್ಯಾಲ ಇವ್ರ ಬರ್ತಾರ."

ನನಗೆ ಅವಳ ಮಾತು ಸರಿ ಕಂಡಿತು. ನೀನೇ ಬೀದರಿಗೆ ಹೋಗಿ ಕರೆಯಬೇಕು, ಕಟ್ಟೆಯ ಮೇಲೆ ನಿಂತು ಹೇಳಬೇಕು. ಆಗ ಹಂಡೆ ಕೊಡುತ್ತೇನೆ. ಇಲ್ಲದಿದ್ದರೆ ಮದುವೆಯ ದಿನ ಅದೇ ಕಿಲುಬು ಹಂಡೆಯನ್ನು ಹಂದರದ ನಡುವೆ ತಂದಿಡುತ್ತೇನೆ, ಕಮಲನಗರದ ನಿನ್ನ ಬೀಗರು ಬಗ್ಗಿ ಬಗ್ಗಿ ನೋಡಲಿ. ಅದರಲ್ಲೇ ಕಢಿ ಕಾಸಿ, ಮೊದಲ ಬಟ್ಟಲನ್ನು ಎಲ್ಲರೆದುರು ನಿನಗೇ ಕುಡಿಸುತ್ತೇನೆ. ಕುಡಿಸುವುದನ್ನು ನಿನ್ನಿಂದಲೇ ಕಲಿತಿದ್ದೇನೆ.

ಮಚ್ಛೇಂದ್ರನಿಗೂ ನಿನ್ನ ಹೆಂಡತಿಗೂ ದೇವರು ಒಳ್ಳೆಯದು ಮಾಡಲಿ.

ನಿನ್ನ ಅಣ್ಣ,
ಧೊಂಡಿಬಾ

ತಾ. ಕ. ಅಂಜನಾಬಾಯಿಗೆ ಇದನ್ನು ನಾನು ಹೇಳಿಲ್ಲ, ಅವಳು ತಾಳುವುದಿಲ್ಲ. ನೀನು ಆ ಹೆಂಗಸಿಗೆ ಕೊಡ ಎತ್ತಿ ಕುಡಿಸುತ್ತಿದ್ದಾಗ ಪುತಳಿ ಬಾವಿಯ ಎದುರಿನ ಚಾವಡಿಯ ಕಟ್ಟೆಯ ಮೇಲೆ ನನ್ನ ತೊಡೆಯಲ್ಲಿ ಮಲಗಿದ್ದಳು. ನಾನು ಎರಡು ಸಲ ಬಾವಿಗೆ ಬಂದೆ, ಎರಡನೆಯ ಸಲ ನೀನು ನನ್ನ ಕೊಡವನ್ನೇ ಒಡೆದೆ. ಹಳ್ಳ ಬತ್ತಿತ್ತು. ತೋಟದ ಬಾವಿಯಿಂದ ನೀರು ಬರುವಷ್ಟರಲ್ಲಿ ಅವಳ ಹಲ್ಲು ಕಚ್ಚಿದ್ದವು. ಬಾಯಿಗೆ ನೀರು ಬೀಳುತ್ತಾ ಇದ್ದರೆ ಈ ಹುಡುಗಿ ಉಳಿಯುತ್ತಿತ್ತು ಎಂದು ಡಾಕ್ಟರ ನನ್ನನ್ನು ಬದಿಗೆ ಕರೆದು ಹೇಳಿದ. ಫಕ್ರುನ್ನಿಸಾಳ ಬಾಯಿಂದ ಸೋರಿ ನೆಲಕ್ಕೆ ಬೀಳುವ ನೀರನ್ನು ಕೂಸು ನೋಡುತ್ತಿತ್ತು. "ಬೂಬಮ್ಮಗ ಅಷ್ಟ ಕುಡಸ್ತಾರಲ್ಲ ಮುತ್ಯಾ, ನನಗೂ ಒಂದೀಟ ಕೊಡು ಅನ್ನು" ಎಂದಳು. ಆ ಮೇಲೆ ಮಾತಾಡಲಿಲ್ಲ.

ಮಾರ್ಚ್ ಐದರೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.