ಉಬ್ಬು, ಉಕ್ಕು, ಹಿಗ್ಗು

18 ನವೆಂಬರ್ 2004, ಗುರುವಾರ

ಬೆಳಿಗ್ಗೆ ಮತ್ತೆ ನನ್ನ ಚಪ್ಪಲಿ ಇರಲಿಲ್ಲ. ಹೆಂಡತಿ ವೇಣಿ ಹಾಕಿಕೊಂಡು ಹೌರಾದ ಶಾಲೆಗೆ ಪಾಠ ಮಾಡಲು ಹೊರಟುಹೋಗಿದ್ದಳು. ಶೂ ಬಿಗಿದುಕೊಂಡು, ಗೊಣಗುತ್ತಲೇ ಸಾಲ್ಟ್ ಲೇಕ್ ಬಸ್ಸು ಹತ್ತಿದೆ.

ಕಂಪ್ಯೂಟರಿಗೆ ಕನ್ನಡ ನಿಘಂಟು ತುಂಬಿಸುವ ಕೆಲಸ ಮುಗಿಯುವಂತೆಯೇ ಇಲ್ಲ. ಇವತ್ತು ದೊಡ್ಡದಾಗುವುದಕ್ಕೆ ಇರುವ ಪದಗಳು, ಒಂದೊಂದಕ್ಕೂ ಒಂದು ಉದಾಹರಣೆ. ಪೂರಿ ಉಬ್ಬುತ್ತದೆ, ಹಾಲು ಉಕ್ಕುತ್ತದೆ, ನೆನೆಸಿದ ಕಡಲೆ ಊದಿಕೊಳ್ಳುತ್ತದೆ, ಮನಸ್ಸು ಹಿಗ್ಗುತ್ತದೆ. ಬಂಗಾಳಿ ವಿಭಾಗದ ದತ್ತಬಾಬು ನಕ್ಕರು. "ನಮಗೆ ಲುಚಿ ಪೂರಿ ಉಬ್ಬಿದರೂ ಫೋಲಾ, ಗಾಯ ಊದಿದರೂ ಫೋಲಾ. ನಿಮಗೇಕೆ ಇಷ್ಟೊಂದು?" ಅವರದು ಊಟದ ಹೊತ್ತಿಗೇ ಮುಗಿದಿತ್ತು. ಕಂಪನಿ ತಿಂಗಳಿಗೊಂದು ಮಹಡಿಯಂತೆ ಬೆಳೆಯುತ್ತಿದೆ, ನನ್ನ ಮೇಜು ಮಾತ್ರ ಕುಗ್ಗುತ್ತಿದೆ.

ಸಂಜೆ ಬಂದವನೇ ಸೋಫಾದ ಮೇಲೆ ಬಿದ್ದುಕೊಂಡೆ. ಮಗಳು ತನ್ಮಯಿ ಅಲುಗಿಸಿ ಎಬ್ಬಿಸಿದಳು.

"ಅಪ್ಪಾ, ಅಮ್ಮನ ಕಾಲು ಬಿಗ್ ಆಗ್ಬಿಟ್ಟಿದೆ."

ಹೋಗಿ ನೋಡಿದೆ. ಬೆರಳಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ.

"ಪೂಜೆ ರಜ ಮುಗಿದಾಗಿಂದ ಹೀಗೇ ಇದೆ," ಅಂದಳು ವೇಣಿ. "ನನ್ನ ಚಪ್ಪಲಿಗೆ ಕಾಲೇ ಹೋಗ್ತಿಲ್ಲ. ಅದಕ್ಕೇ ನಿಮ್ದು ಹಾಕ್ಕೊಳ್ಳೋದು."

ನಾಳೆ ರಜ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ದತ್ತಬಾಬು ಏನಾದರೂ ಅಂದುಕೊಳ್ಳಲಿ.

ಕಣ್ಣು ಎಳೆಯುತ್ತಿದೆ, ನಿದ್ದೆ ಮಾತ್ರ ಬರುತ್ತಿಲ್ಲ. ಮಧ್ಯಾಹ್ನ 'ಬಾತುಕೊಳ್ಳು' ಎಂಬುದರ ಎದುರು ನಾನೇ ಬರೆದ ಉದಾಹರಣೆ: ನಿಂತು ನಿಂತು ಅವಳ ಕಾಲು ಬಾತುಕೊಂಡಿತು. ಸಹಜವಾಗಿ ಬಂದಿದೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡು, ಎದ್ದು ಹೋಗಿ ಚಹಾ ಕುಡಿದಿದ್ದೆ.