ಬೆಲ್ಟು ಕೊಟ್ಟರೆ ಹತ್ತುತ್ತಾನೆ

ಫೆಬ್ರವರಿ 3, ಬೆಳಿಗ್ಗೆ

ಎಂದಿನಂತೆ ಬ್ಯಾನರಿನ ಗಂಟು ಬಿಗಿ ಮಾಡಿ ಅಂಗಡಿ ಬಾಗಿಲು ತೆಗೆದೆ. ಗಾಳಿಗೆ ಒಂದು ಮೂಲೆ ಬಿಚ್ಚಿಕೊಳ್ಳುತ್ತದೆ. ದಿನಾ ಕಟ್ಟುವವನು ನಾನೇ. ಮರ ಉಳಿಸಿ ಸಮಿತಿ — ಅಧ್ಯಕ್ಷ ನಾನು, ಕಾರ್ಯದರ್ಶಿ ನಿವೃತ್ತ ಗಣಿತದ ಮೇಷ್ಟ್ರು. ಉಳಿದವರೆಲ್ಲ ವಾಟ್ಸಾಪಿನಲ್ಲಿ ಹೆಬ್ಬೆಟ್ಟು ಒತ್ತುವ ಸದಸ್ಯರು.

ರಸ್ತೆ ಅಗಲ ಮಾಡುವುದಕ್ಕೆ ನಮ್ಮ ಬೀದಿಯ ಮರಗಳನ್ನೆಲ್ಲ ತೆಗೆಯುತ್ತಾರಂತೆ. ಬುಡಕ್ಕೆ ಬಿಳಿ ಬಣ್ಣದಲ್ಲಿ ನಂಬರು ಬರೆದು ಹೋಗಿದ್ದಾರೆ. ನನ್ನ ಅಂಗಡಿ ಮುಂದಿನದೇ ಒಂದನೇ ನಂಬರು. ಕನ್ನಡಕಕ್ಕೆ ಬಂದವರಿಗೆ ಚಾರ್ಟು ಓದಿಸಿದ ಮೇಲೆ ಬಾಗಿಲಿಗೆ ಕರೆತಂದು ಈ ಮರ ತೋರಿಸುತ್ತೇನೆ. "ಎಲೆ ಬೇರೆ ಬೇರೆಯಾಗಿ ಕಾಣ್ತಿದೆಯಾ?" ಕಾಣುತ್ತಿದೆ ಅಂದರೆ ಗಾಜು ಸರಿ. ನಾಳೆ ಮರ ಹೋದರೆ ಎದುರು ಗೋಡೆಯ ಪೋಸ್ಟರ್ ತೋರಿಸಲೇ?

ಸಂಜೆ ಮೌನ ಪ್ರದರ್ಶನ. ಇವಳನ್ನು ಕರೆದೆ. "ಡ್ಯೂಟಿ ಇದೆ ರೀ." ಸರ್ಕಾರಿ ಆಸ್ಪತ್ರೆಯ ನರ್ಸು, ಡ್ಯೂಟಿ ಇರುತ್ತದೆ, ಒಪ್ಪಿದೆ. ಡ್ಯೂಟಿ ಇಲ್ಲದ ದಿನ ಕಾಲುನೋವು. ಇಷ್ಟು ವರ್ಷದಲ್ಲಿ ಒಂದು ಸಲವೂ ಬಂದು ನನ್ನ ಪಕ್ಕ ನಿಂತವಳಲ್ಲ. ಹಿತ್ತಲ ಗಿಡ ಮದ್ದಲ್ಲ.

ಫೆಬ್ರವರಿ 6

ಲಾರಿ ಬಂತು. ಕಡಿಯುವ ತಂಡವೂ ಬಂತು. ಮೇಷ್ಟ್ರೂ ನಾನೂ ಮರಕ್ಕೆ ಬೆನ್ನು ಕೊಟ್ಟು ನಿಂತೆವು. ನಾನು ಬರೆದುಕೊಂಡು ಬಂದಿದ್ದ ಭಾಷಣ ಎರಡು ಪುಟ. ಮೊದಲ ಪುಟ ಮುಗಿಯುವಷ್ಟರಲ್ಲಿ ಎಲ್ಲರ ಮುಖ ಇನ್ನೊಂದು ಕಡೆ ತಿರುಗಿತ್ತು.

ತಂಡದಲ್ಲಿ ಮೇಲೆ ಹತ್ತಿ ಕೊಂಬೆ ಕಡಿಯುವವನು ಒಬ್ಬನಿದ್ದಾನೆ. ಸಣಕಲ. ಜೊತೆಯವರು ಅಳಿಲು ಅಂತ ಕರೆಯುತ್ತಾರೆ. ನಗರಸಭೆಯ ಗುತ್ತಿಗೆ ಕೆಲಸಗಾರ. ಅವನು ಮರವನ್ನು ಒಮ್ಮೆ ನೋಡಿದ, ಮೇಸ್ತ್ರಿಯನ್ನು ಒಮ್ಮೆ ನೋಡಿದ, ಫುಟ್‌ಪಾತಿನ ಮೇಲೆ ಕೂತುಬಿಟ್ಟ.

"ಸೇಫ್ಟಿ ಬೆಲ್ಟ್ ಕೊಡಿ, ಹತ್ತುತೀನಿ."

"ಇಷ್ಟ್ ದಿನ ಬೆಲ್ಟ್ ಹಾಕ್ಕೊಂಡೇ ಹತ್ತುತಿದ್ಯೇನೋ?"

"ಇಷ್ಟ್ ದಿನ ಹತ್ತಿದ್ದೇ ತಪ್ಪು. ಇನ್ನ್ಮೇಲೆ ಹತ್ತಲ್ಲ."

ಅಷ್ಟೇ. ಮರದ ಬಗ್ಗೆ ಒಂದಕ್ಷರ ಆಡಿಲ್ಲ. ಪಕ್ಕದಲ್ಲೇ ನಿಂತು ನನ್ನ ಕಿವಿಯಾರೆ ಕೇಳಿದ್ದೇನೆ. ಲಾರಿ ಖಾಲಿ ವಾಪಸ್ ಹೋಯಿತು. ಮೇಷ್ಟ್ರು ಅವನ ಕೈ ಹಿಡಿದು ಕುಲುಕಿದ್ದೂ ಕುಲುಕಿದ್ದೇ. ನನ್ನ ಎರಡನೇ ಪುಟ ಜೇಬಿನಲ್ಲೇ ಉಳಿಯಿತು.

ಫೆಬ್ರವರಿ 7

ಪೇಪರಿನಲ್ಲಿ ದಪ್ಪಕ್ಷರ: "ಮರಕ್ಕೆ ಕೊಡಲಿ ಹಾಕಲಾರೆ ಎಂದ ಮರ ಕಡಿಯುವವ". ಮರದ ಕೆಳಗೆ ಅಳಿಲು ಕೂತಿರುವ ಫೋಟೋ. ಅಂಚಿನಲ್ಲಿ ಒಂದು ಮೊಣಕೈ. ಆ ಮೊಣಕೈ ಅಧ್ಯಕ್ಷರದು.

ಇವಳು ಟೀ ಲೋಟ ಕೆಳಗಿಟ್ಟು ಪೇಪರ್ ಕಿತ್ತುಕೊಂಡಳು. ನಾನು ಬರೆದ ವಾಚಕರ ಪತ್ರ ಬಂದಾಗ ಒಂದು ದಿನವೂ ಕಿತ್ತುಕೊಂಡವಳಲ್ಲ.

"ಈ ಹುಡುಗ ನನಗೆ ಗೊತ್ತು ರೀ. ಹೋದ ವರ್ಷ ಇವನ ಜೊತೆಯವನು ಮರದಿಂದ ಬಿದ್ದು ನಮ್ಮ ವಾರ್ಡಿಗೆ ಬಂದಿದ್ದ. ಬೆನ್ನುಮೂಳೆ ಮುರಿದಿತ್ತು. ಇವನು ದಿನಾ ಬಂದು ಅವನಿಗೆ ಮೈ ಒರೆಸಿ, ಊಟ ತಿನ್ನಿಸಿ ಹೋಗ್ತಿದ್ದ."

"ಪೇಪರಲ್ಲಿ ಹಾಗೆ ಬರೆದಿಲ್ಲವಲ್ಲ."

"ಪೇಪರಿನವರಿಗೇನು ಗೊತ್ತು? ಅವನು ಕೇಳಿರೋದು ಬೆಲ್ಟು."

ಫ್ಲಾಸ್ಕು ತೊಳೆದು ಟೀ ತುಂಬಿದಳು. ನನಗೆ ಅಂದುಕೊಂಡೆ. ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಳು. ಕಾಲುನೋವು ಎಲ್ಲಿ ಹೋಯಿತೋ.

ಫೆಬ್ರವರಿ 10

ಅಳಿಲಿಗೆ ನೋಟಿಸು ಕೊಟ್ಟಿದ್ದಾರೆ, ಕೆಲಸದಿಂದ ಯಾಕೆ ತೆಗೆಯಬಾರದು ಅಂತ. ಅದಕ್ಕೆ ಪಾರ್ಕಿನವರು, ಕಸ ಗುಡಿಸುವವರು, ಚರಂಡಿಯವರು, ಎಲ್ಲರೂ ಕೆಲಸ ನಿಲ್ಲಿಸಿ ನಮ್ಮ ಮರದ ಕೆಳಗೆ ಕೂತರು. ಸಂಜೆ ನರ್ಸುಗಳ ಸಂಘವೂ ಬಂತು. ಕರೆದುಕೊಂಡು ಬಂದವರು ಯಾರು ಅಂತ ಬೇರೆ ಬರೆಯಬೇಕೇ?

ಚಾಪೆ ಸಮಿತಿಯದು. ಮೈಕು ಸಮಿತಿಯದು. ಮೈಕಿನ ವೈರು ನನ್ನ ಅಂಗಡಿಯ ಪ್ಲಗ್ಗಿನಿಂದ. ಮಾತಾಡಿದವಳು ಇವಳು. ಮನೆಯಲ್ಲಿ ಹಾಲಿನವನ ಹತ್ತಿರ ಮಾತಾಡುವ ಹಾಗೇ ಮಾತಾಡಿದಳು, ಜನ ಉಸಿರು ಬಿಗಿಹಿಡಿದು ಕೇಳಿದರು. ಕೊನೆಗೊಂದು ಘೋಷಣೆ ಕೂಗಿಸಿದಳು: "ಹಗ್ಗ ಇಲ್ಲದೆ ಹತ್ತೋದಿಲ್ಲ, ಮರ ಇಲ್ಲದೆ ಬದುಕೋದಿಲ್ಲ." ಎಷ್ಟು ಸಲೀಸಾಗಿ ಬಾಯಿಗೆ ಕೂರುತ್ತದೆ ಹಾಳಾದ್ದು. ನನ್ನ ಘೋಷಣೆಯಲ್ಲಿ 'ಪರಿಸರ ಸಮತೋಲನ' ಬರುವಷ್ಟರಲ್ಲಿ ಜನಕ್ಕೆ ಉಸಿರು ಕಟ್ಟುತ್ತಿತ್ತು, ಅದೂ ನಿಜ.

ನಾಗರಿಕನಾಗಿ ನನ್ನ ನಿಲುವು ಸ್ಪಷ್ಟವಿದೆ. ಸಾರ್ವಜನಿಕ ಕೆಲಸ ಮಾಡುವವರಿಗೆ ರಕ್ಷಣೆ ಬೇಕು, ಕಾಯಂ ಕೆಲಸ ಬೇಕು, ಮುಷ್ಕರ ಅವರ ಹಕ್ಕು. ಅಂಗಡಿ ಮುಂದೆ ಕಸ ಬಿದ್ದಿದೆ, ಸಹಿಸಿಕೊಂಡಿದ್ದೇನೆ. ತತ್ವಕ್ಕೆ ನನ್ನ ಬೆಂಬಲವಿದೆ. ಆದರೆ ಆ ತತ್ವ ನನ್ನ ಚಾಪೆ ಮೇಲೆ ಕೂತು ನನ್ನ ಹೆಂಡತಿ ಮಾಡಿದ ಟೀ ಕುಡಿಯಬೇಕೇ?

ಹೊಟ್ಟೆಕಿಚ್ಚು. ಇಲ್ಲಿ ಬರೆಯಲು ಏನು ನಾಚಿಕೆ. ಹೊಟ್ಟೆಕಿಚ್ಚೇ.

ಫೆಬ್ರವರಿ 13, ಮಧ್ಯಾಹ್ನ

ಇವಳು ಅವನನ್ನು ಅಂಗಡಿಗೇ ಕರೆತಂದಳು. "ಹತ್ತಿರದ್ದು ಮಸುಕು ಮಸುಕಂತೆ, ಸ್ವಲ್ಪ ನೋಡಿ."

ನೋಡಿದೆ. ಸಣ್ಣ ನಂಬರು. ಕುರ್ಚಿಯಲ್ಲಿ ಕೈ ಮಡಿಚಿಕೊಂಡು ಶಾಲೆ ಮಗುವಿನ ಹಾಗೆ ಕೂತಿದ್ದ. ಅಂಗೈ ಬರೀ ಗಂಟು. ಬೇಕೆಂದೇ ಕೇಳಿದೆ, "ಮರ ಅಂದ್ರೆ ಅಷ್ಟು ಪ್ರೀತಿಯೇನಪ್ಪ ನಿಂಗೆ?"

ನಕ್ಕ. "ಮರ ಅಂದ್ರೆ ನಂಗೆ ಕೆಲಸ ಸಾರ್. ನಿಮಗೆ ಕಣ್ಣಿದ್ದ ಹಾಗೆ. ಪೇಪರಿನವರಿಗೆ ಎಷ್ಟ್ ಹೇಳಿದ್ರೂ ಕೇಳಲ್ಲ. ಬೆಲ್ಟ್ ಕೊಟ್ರೆ ಇವತ್ತೇ ಹತ್ತುತೀನಿ. ನಮ್ ಜೊತೆಯವನು ಬಿದ್ದಾಗ ಕೆಳಗೆ ನಿಂತಿದ್ದೋನು ನಾನು. ಆ ಸದ್ದು ಇನ್ನೂ ಕಿವಿಲಿದೆ."

ಇವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಮಗನ ವಯಸ್ಸಿನವನು, ಅದರಲ್ಲೇನೂ ಇಲ್ಲ. ಆದರೂ. ನನಗೆ ಕಳೆದ ಮಳೆಗಾಲ ಜ್ವರ ಬಂದಾಗ "ಮಾತ್ರೆ ಮೇಜಿನ ಮೇಲಿದೆ" ಅಂದು ಹೋದವಳು ಇವಳೇ ತಾನೆ.

ಕನ್ನಡಕ ಕೊಟ್ಟೆ. ದುಡ್ಡು ಕೊಡಲು ಬಂದ. ಇವಳು "ಛೇ ಬೇಡ" ಅಂದಳು. ದಾನ ನನ್ನದು, ಪುಣ್ಯ ಅವಳದು.

ಫೆಬ್ರವರಿ 16

ನಗರಸಭೆಯ ಇಂಜಿನಿಯರ್ ನಮ್ಮ ಸಮಿತಿಯನ್ನು ಮಾತುಕತೆಗೆ ಕರೆದ. ಮೇಷ್ಟ್ರೂ ನಾನೂ ಹೋದೆವು. ಮೊದಲ ಸಲ ನಮಗೆ ಕುರ್ಚಿ ಕೊಟ್ಟರು. ಎಸಿ ರೂಮು. ಗೋಡೆ ತುಂಬ ನಕ್ಷೆ.

ಇಂಜಿನಿಯರ್ ಸೋತ ಮುಖ ಹಾಕಿಕೊಂಡಿದ್ದ. "ನೋಡಿ, ನಮ್ಮ ಕೆಲಸಗಾರನೇ ಮರದ ಮೇಲಿನ ಪ್ರೀತಿಗೆ ಕಡಿಯಲ್ಲ ಅಂತ ಕೂತಿದ್ದಾನೆ. ಊರೆಲ್ಲ ಅವನ ಹಿಂದಿದೆ. ಮೇಲಿನವರೂ ಯೋಚನೆ ಮಾಡ್ತಿದ್ದಾರೆ. ಮರ ಬಿಟ್ಟು ಹಿಂದಿನ ಖಾಲಿ ಜಾಗದಲ್ಲಿ ರಸ್ತೆ ತಿರುಗಿಸೋಕಾಗುತ್ತಾ ಅಂತ ಹೊಸ ನಕ್ಷೆ ಹಾಕಿಸ್ತಿದ್ದೀವಿ."

ಮೇಷ್ಟ್ರು ಮೇಜಿನ ಕೆಳಗೆ ನನ್ನ ಕಾಲು ಒತ್ತಿದರು. ಸುಮ್ಮನಿರಿ, ಗೆದ್ದೆವು ಅಂತ ಅರ್ಥ. ನನಗೂ ಗೊತ್ತಾಯಿತು. ಸುಮ್ಮನಿದ್ದರೆ ಮರ ಉಳಿಯುತ್ತಿತ್ತು.

ಆಗ ಇಂಜಿನಿಯರ್ ಇನ್ನೊಂದು ಮಾತು ಸೇರಿಸಿದ. "ನಿಮ್ಮ ಸಮಿತಿ ಇಷ್ಟು ವರ್ಷ ಕೂಗಿ ಆಗದೇ ಇದ್ದದ್ದನ್ನ ಅವನೊಬ್ಬ ಕೂತು ಮಾಡಿಬಿಟ್ಟ, ಅಲ್ವಾ? ನಿಜವಾದ ಪರಿಸರ ಪ್ರೇಮಿ ಅಂದ್ರೆ ಅವನು."

ಮೈಯೆಲ್ಲ ಉರಿದುಹೋಯಿತು. ಬಾಯಿ ತಾನಾಗಿ ತೆರೆದುಕೊಂಡಿತು.

"ಯಾರ್ರೀ ಹೇಳಿದ್ದು ನಿಮಗೆ? ಪರಿಸರ ಪ್ರೇಮಿಯಂತೆ. ಅವನಿಗೆ ಮರದ ಮೇಲೆ ಯಾವ ಪ್ರೀತಿಯೂ ಇಲ್ಲ. ಅವನು ಕೇಳ್ತಿರೋದು ಬೆಲ್ಟು. ನನ್ನ ಅಂಗಡೀಲಿ ಕೂತು ಅವನೇ ಹೇಳಿದ್ದಾನೆ. ಬೆಲ್ಟು ಕೊಡಿ, ಅವತ್ತೇ ಹತ್ತುತ್ತಾನೆ. ಮರ ಉಳಿಸೋರು ನಾವು."

ಇಂಜಿನಿಯರ್ ಪೆನ್ನು ಕೆಳಗಿಟ್ಟ. "ಬರೀ ಬೆಲ್ಟಾ? ನಾವು ಅದು ನೆಪ ಅಂದ್ಕೊಂಡಿದ್ವಿ" ಅಂದ. ಮುಖದಲ್ಲಿ ನಿಧಾನಕ್ಕೆ ನಗು ಬಂತು. ಮೇಷ್ಟ್ರು ನನ್ನ ಕಾಲಿನ ಮೇಲಿಂದ ಅವರ ಕಾಲು ತೆಗೆದರು.

ಅದೇ ದಿನ, ಸಂಜೆ

ಮೇಷ್ಟ್ರು ದಾರಿಯುದ್ದಕ್ಕೂ ಎರಡು ಹೆಜ್ಜೆ ಮುಂದೆಯೇ ನಡೆದರು. ಬೀದಿ ತಿರುವಿನಲ್ಲಿ ನಿಂತು ಅಂದರು, "ಅಧ್ಯಕ್ಷರೇ, ಮಾತು ಆಡಿದರೆ ಹೋಯಿತು. ನಾಳೆಯಿಂದ ನಾನು ಕಾರ್ಯದರ್ಶಿ ಅಲ್ಲ. ಆ ಹುಡುಗನ ಮೇಲೆ ನಿಮಗ್ಯಾಕೆ ಅಷ್ಟು ಉರಿ?"

ನಾನು ಹೇಳಿದ್ದು ಸುಳ್ಳೇ? ಸತ್ಯ ತಾನೆ ಹೇಳಿದ್ದು?



ಫೆಬ್ರವರಿ 20

ಬೆಲ್ಟು ಬಂತು. ಇಷ್ಟು ವರ್ಷ ಫೈಲಿನಲ್ಲಿ ಕೊಳೆತದ್ದು ನಾಲ್ಕೇ ದಿನದಲ್ಲಿ ಬಂತು. ಸೊಂಟಕ್ಕೆ, ತೊಡೆಗೆ, ಭುಜಕ್ಕೆ ಪಟ್ಟಿ ಇರುವಂಥದ್ದು, ಜೊತೆಗೆ ಹಗ್ಗ, ಹೆಲ್ಮೆಟ್ಟು. ಹತ್ತುವವರಿಗೆಲ್ಲ ಒಂದೊಂದು. ಅಳಿಲಿನ ನೋಟಿಸು ವಾಪಸ್. ವಿಮೆಯನ್ನೂ ಮಾಡಿಸುತ್ತಾರಂತೆ. ಕೆಲಸಗಾರರೆಲ್ಲ ಚಾಪೆ ಸುತ್ತಿ ನನಗೆ ಒಪ್ಪಿಸಿ, ಕೈ ಮುಗಿದು ಹೊರಟರು. ಅವರು ಕೇಳಿದ್ದು ಸಿಕ್ಕಿತು, ಅವರ ಹೋರಾಟ ಮುಗಿಯಿತು. ಅವರದೇನೂ ತಪ್ಪಿಲ್ಲ.

ಹೊಸ ನಕ್ಷೆಯ ಮಾತು ಎಲ್ಲೂ ಇಲ್ಲ. ಎರಡು ದಿನ ಬಿಟ್ಟು ಒಂದನೇ ನಂಬರಿನಿಂದ ಶುರು.

ಅಳಿಲು ಅಂಗಡಿಗೆ ಬಂದ. ನಾನು ಕೊಟ್ಟ ಕನ್ನಡಕ ಹಾಕಿಕೊಂಡಿದ್ದ. "ಸಾರ್, ಇಂಜಿನಿಯರ್ ಸಾಹೇಬ್ರೇ ಹೇಳಿದ್ರು. ನೀವು ಹೋಗಿ ನಮ್ಮ ಪರವಾಗಿ ಬೆಲ್ಟ್ ಕೇಳಿದ್ರಂತೆ. ನಿಮ್ಮ ಮರ ಹೋಗುತ್ತೆ ಅಂತ ಗೊತ್ತಿದ್ದೂ ಕೇಳಿದ್ರಂತೆ." ಕಣ್ಣಲ್ಲಿ ನೀರು ಅವನಿಗೆ. "ನಮ್ಮಂಥೋರಿಗೆ ಯಾರ್ ಸಾರ್ ಹಿಂಗ್ ಮಾಡ್ತಾರೆ?"

ಗಾಜು ಒರೆಸುತ್ತಾ ನಿಂತೆ.

ಫೆಬ್ರವರಿ 21

ಇವಳಿಗೂ ಗೊತ್ತಾಗಿದೆ. ಅಳಿಲೇ ಹೇಳಿದ್ದಾನೆ.

ಬೆಳಿಗ್ಗೆ ಟೀ ತಂದು ಕೈಗೇ ಕೊಟ್ಟಳು. ಎದುರಿಗೆ ಕೂತಳು. "ರೀ, ಇದನ್ನ ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ಏನು?"

"ಬೆಲ್ಟಿನ ವಿಷಯ. ನೀವು ಬಾಯಿ ಮುಚ್ಕೊಂಡಿದ್ರೆ ಮರ ಉಳೀತಿತ್ತಂತೆ. ಎಲ್ರೂ ಅವನ ಹೆಸರಲ್ಲಿ ಮರ ಉಳಿಸ್ಕೊಳ್ಳೋಕೆ ನೋಡಿದ್ರು. ಅವನಿಗೆ ಏನು ಬೇಕು ಅಂತ ಕೇಳಿದೋರು ನೀವೊಬ್ರೇ." ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. "ನಿಜ ಹೇಳ್ತೀನಿ, ನಿಮಗೆ ಮರದ ಹುಚ್ಚು ಬಿಟ್ರೆ ಮನುಷ್ಯರು ಕಾಣಲ್ಲ ಅಂದ್ಕೊಂಡಿದ್ದೆ. ಅದಕ್ಕೇ ನಾನು ಬರ್ತಿರ್ಲಿಲ್ಲ. ತಪ್ಪು ತಿಳ್ಕೊಂಡಿದ್ದೆ."

ನನ್ನ ಕೈ ಮೇಲೆ ಕೈಯಿಟ್ಟಳು. ಎಷ್ಟು ಕಾಲವಾಗಿತ್ತು.

ಹೇಳಬೇಕಿತ್ತು. ನಾಲಿಗೆ ಮೇಲೆ ಬಂದಿತ್ತು. "ಟೀ ಚೆನ್ನಾಗಿದೆ" ಅಂದೆ.

ಮಧ್ಯಾಹ್ನ ಮೇಷ್ಟ್ರು ಬೀದಿಯಲ್ಲಿ ಎದುರಾದರು. ಮುಖ ತಿರುಗಿಸಿಕೊಂಡು ಹೋದರು. ಆ ರೂಮಿನಲ್ಲಿ ಇದ್ದವರು ಅವರು. ಯಾವತ್ತಾದರೂ ಇವಳ ಹತ್ತಿರ ಬಾಯಿಬಿಟ್ಟರೆ?

ಫೆಬ್ರವರಿ 22, ಬೆಳಿಗ್ಗೆ ಎಂಟು

ಕೆಳಗೆ ತಂಡ ಬಂದಿದೆ. ಮೊದಲ ಸಲ ಬೆಲ್ಟು ಹಾಕಿಕೊಳ್ಳುವುದು, ಸಾರ್ ಕೈಯಿಂದಲೇ ಹಾಕಿಸಬೇಕು ಅಂತ ಅವರೆಲ್ಲರ ಹಟ. ಹೋದೆ. ಅಳಿಲಿನ ಭುಜದ ಪಟ್ಟಿ, ಸೊಂಟದ ಪಟ್ಟಿ, ತೊಡೆಯದು. ಕೊಂಡಿ ಹಾಕಿ ಎಳೆದು ನೋಡಿದೆ. "ಇನ್ನೊಂದ್ಸಲ ಎಳೀರಿ" ಅಂದಳು ಇವಳು. ಇನ್ನೊಂದು ಸಲ ಎಳೆದೆ. ಅವನಿಗೇನೂ ಆಗಬಾರದು. ಆ ಹೊತ್ತಿಗೆ ಮನಸ್ಸಿನಲ್ಲಿ ಅದೊಂದೇ ಇತ್ತು, ಆಣೆಯಿಟ್ಟು ಬರೆಯುತ್ತೇನೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಇವಳು ಜೊತೆಯ ನರ್ಸಿಗೆ ಹೇಳುತ್ತಿದ್ದಳು, "ನಮ್ಮನೆಯವರೇ ಕೊಡಿಸಿದ್ದು ಕಣೆ." ಆ ದನಿ ನಾನು ಕೇಳಿಯೇ ಇರಲಿಲ್ಲ. ಇಷ್ಟು ದಿನ ಅಳಿಲಿನ ಬಗ್ಗೆ ಮಾತಾಡುವಾಗಲೂ ಅಷ್ಟು ಹೆಮ್ಮೆಯಿಂದ ಆಡಿರಲಿಲ್ಲ.

ಅಂಗಡಿ ಮೇಲಿನ ಮನೆಗೆ ಬಂದು ಕಿಟಕಿ ಹಾಕಿಕೊಂಡೆ. ಗರಗಸ ಶುರುವಾಗಿದೆ. ಮೊದಲ ಕೊಂಬೆ ಬಿತ್ತು. ಎರಡನೆಯದೂ. ರೂಮಿನೊಳಕ್ಕೆ ಬೆಳಕು ನುಗ್ಗಿದೆ, ಮೇಜಿನ ಮೇಲಿನ ಧೂಳೆಲ್ಲ ಕಾಣುತ್ತಿದೆ. ಯಾರ ಮೇಲೆ ಕೂಗಾಡಲಿ?

ಈಗಲೂ ಹೊಟ್ಟೆಕಿಚ್ಚು ಹೋಗಿಲ್ಲ. ಅಳಿಲಿನ ಮೇಲಲ್ಲ. ಇವಳು ಕೆಳಗೆ ನಿಂತು ಊರಿಗೆಲ್ಲ ಹೇಳುತ್ತಿದ್ದಾಳಲ್ಲ ಒಬ್ಬನ ಬಗ್ಗೆ, ಮನುಷ್ಯನಿಗೋಸ್ಕರ ಮರ ಬಿಟ್ಟುಕೊಟ್ಟವನು ಅಂತ, ಆ ಗಂಡಸಿನ ಮೇಲೆ. ಅವಳು ಕೈ ಇಟ್ಟದ್ದು ಅವನ ಕೈ ಮೇಲೆ. ಟೀ ತಂದುಕೊಟ್ಟದ್ದು ಅವನಿಗೆ. ಇನ್ನು ಈ ಮನೆಯಲ್ಲಿ ಅವನೊಬ್ಬ ಇರುತ್ತಾನೆ, ನಾನು ಅವನ ಬಟ್ಟೆ ಹಾಕಿಕೊಂಡು ಓಡಾಡಬೇಕು.

ಮೆಟ್ಟಿಲಿನ ಮೇಲೆ ಅವಳ ಚಪ್ಪಲಿ ಸದ್ದು. ಬರುತ್ತಿದ್ದಾಳೆ. ಮೇಷ್ಟ್ರು ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಈಗಲೇ. ನೋಡು, ನಾನು ಅವತ್ತು ಬಾಯಿ ಬಿಟ್ಟದ್ದು ಅವನಿಗೋಸ್ಕರ ಅಲ್ಲ, ನೀನು ಅವನನ್ನ ಹೊಗಳೋದು ನನಗೆ —