ಎಡಗೈ ಸುತ್ತಿದ ಟೇಪು

ಕೊಪ್ಪ
ಸೋಮವಾರ, 19 ಆಗಸ್ಟ್ 2024

ಪ್ರೀತಿಯ ತಮ್ಮ ಪ್ರದೀಪನಿಗೆ,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತಾ? ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿಕೊಂಡು ಮಲಗುವ ನಮ್ಮ ಕಾರು ವೈರಿಂಗ್ ಕೆಲಸದಲ್ಲಿ ಸೊಂಟ ಉಳಿಸಿಕೊಂಡವರನ್ನು ನಾನು ಕಂಡಿಲ್ಲ. ಹಾಸನದ ಊಟ ಈಗಲಾದರೂ ಒಗ್ಗಿತಾ ಎಂದು ನಿನ್ನ ಅತ್ತಿಗೆ ಕೇಳುತ್ತಾಳೆ. ಎರಡು ದಿನದಿಂದ ನಿನ್ನ ವಿಷಯ ಬಿಟ್ಟು ಬೇರೆ ಯಾವುದಕ್ಕೂ ಅವಳು ನನ್ನೊಡನೆ ಬಾಯಿ ತೆಗೆದಿಲ್ಲ. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೂರು ವರ್ಷದ ಹಿಂದೆ ನಾನು ಆಡಿದ ಮಾತಿಗೆ ಎತ್ತಬೇಕಾಗಿಯೂ ಇಲ್ಲ ಬಿಡು. ಅದಕ್ಕೇ ಈ ಕಾಗದ. ಪೂರ್ತಿ ಓದು ಮಾರಾಯ, ಹರಿಯುವುದಾದರೆ ಆಮೇಲೆ ಹರಿ.

ಕಿಗ್ಗದ ಉಮಾಮಹೇಶ್ವರ ಭಟ್ಟರ ಅಂಬಾಸಿಡರ್ ಅಂಗಡಿಗೆ ಬಂದಿದೆ. ಹೌದು, ಅದೇ ಕಾರು. ನಾವು ರಿಪೇರಿ ಮಾಡಿ ಕೊಟ್ಟ ವಾರದಲ್ಲೇ ತಿರುವಿನಲ್ಲಿ ಎರಡೂ ಹೆಡ್‌ಲೈಟ್ ಆರಿ, ಚರಂಡಿಗೆ ಇಳಿದು, ಭಟ್ಟರ ಹೆಂಡತಿ ತ್ರಿಪುರಸುಂದರಮ್ಮನವರ ಕೈ ಮುರಿಯಿತಲ್ಲ, ಆಮೇಲೆ ಶೆಡ್ಡಿಗೆ ಸೇರಿಸಿದ ಕಾರನ್ನು ಅವರು ಹೊರಗೇ ತೆಗೆದಿರಲಿಲ್ಲ. ಈಗ ಮತ್ತೆ ಅದರ ಮೇಲೆ ಮನಸ್ಸಾಗಿದೆ. ವೈರು ಜೋಡಿಸುವ ಕಪ್ಲರ್‌ಗಳನ್ನೆಲ್ಲ ಬಿಚ್ಚಿದೆ. ಪಿನ್ನುಗಳಿಗೆ ಹಸಿರು ಕಿಲುಬು. ಇಲಿಗಳು ಹಾರ್ನಿನ ವೈರು ತಿಂದು ಮುಗಿಸಿ ವೈಪರಿನದ್ದಕ್ಕೂ ಬಾಯಿ ಹಾಕಿದ್ದವು. ಒಂದೊಂದೇ ಪಿನ್ ಉಜ್ಜಿ, ಕೆಟ್ಟ ತುಂಡು ಕತ್ತರಿಸಿ, ಹೊಸ ವೈರು ಬೆಸೆದು ಮೇಲೆ ಸ್ಲೀವಿನ ಕೊಳವೆ ಹಾಕುವುದರಲ್ಲಿ ಎರಡು ದಿನ ಹೋಯಿತು. ಮೂರನೆಯ ದಿನ ಹೆಡ್‌ಲೈಟಿನ ವೈರಿಗೆ ಬಂದೆ. ನಿನ್ನ ತಪ್ಪನ್ನು ಕಣ್ಣಾರೆ ಕಾಣುತ್ತೇನೆ ಎಂಬ ಹುಮ್ಮಸ್ಸು ಆಗಲೂ ಇತ್ತು ನೋಡು, ಎಂಥ ಮನುಷ್ಯ ನಾನು!

ಸುಟ್ಟ ಜಾಯಿಂಟ್ ಸಿಕ್ಕಿತು. ಬೆಸುಗೆ ಇಲ್ಲ, ಬರೀ ಹುರಿ ಮಾಡಿ ಟೇಪ್ ಸುತ್ತಿದ್ದು. ಆದರೆ ಟೇಪಿನ ಸುತ್ತು ಎಡಕ್ಕೆ ಹೋಗಿತ್ತು ಪ್ರದೀಪ, ತಾಮ್ರದ ಎಳೆಗಳ ಹುರಿಯೂ ಎಡಕ್ಕೇ. ನಮ್ಮ ಅಂಗಡಿಯಲ್ಲಿ ಎಡಚ ಯಾರು? ನಾನೊಬ್ಬನೇ. ಇಕ್ಕಳ ಕೆಳಗಿಟ್ಟು ಅಲ್ಲೇ ಕೂತುಬಿಟ್ಟೆ. ಎಲ್ಲ ನೆನಪಾಯಿತು. ಆ ದಿನ ನೀನು ಊಟಕ್ಕೆ ಹೋಗಿದ್ದೆ, ಕರೆಂಟ್ ಇರಲಿಲ್ಲ, ಭಟ್ಟರು "ಎಂತ ಹೂವಪ್ಪಾ, ಇನ್ನೂ ಆಗ್ಲಿಲ್ವ?" ಎಂದು ಪ್ರಾಣ ತಿನ್ನುತ್ತಿದ್ದರು. ಸದ್ಯಕ್ಕೆ ಸುತ್ತಿಟ್ಟು, ಕರೆಂಟ್ ಬಂದ ಮೇಲೆ ಬೆಸುಗೆ ಹಾಕೋಣ ಎಂದುಕೊಂಡೆ. ಮರೆತೆ. ನೀನು ಬಂದು, ಅಣ್ಣ ಮಾಡಿದ್ದು ಸರಿಯಿರುತ್ತದೆ ಎಂದು ನಂಬಿ, ಉಳಿದದ್ದು ಮುಗಿಸಿ ಕಾರು ಕೊಟ್ಟೆ.

ಬೆಸುಗೆ ಇಲ್ಲದ ಜಾಯಿಂಟ್ ಮಾಡಬೇಡ ಎಂದು ನಿನಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದವನು ನಾನು. ಗಿರಾಕಿಗಳ ಎದುರು "ನನ್ನ ಅಂಗಡಿ ಸಾಮಾನು ಮುಟ್ಬೇಡ, ನಡಿ" ಎಂದವನೂ ನಾನೇ. ನೀನು ಹೇಳಿದ್ದು ಒಂದೇ ಮಾತು: "ಬಿಚ್ಚಿ ನೋಡು ಅಣ್ಣಾ, ಆಮೇಲೆ ಬೈಯಿ." ನಾನು ನೋಡಲಿಲ್ಲ. ಮೊನ್ನೆ ರಾತ್ರಿ ಇದನ್ನು ಹೇಳಿದಾಗಿನಿಂದಲೇ ನಿನ್ನ ಅತ್ತಿಗೆ ನನ್ನ ಮೇಲೆ ಮುನಿದಿರುವುದು. ತಪ್ಪಾಯಿತು ಕಣೋ. ಕೊಪ್ಪದಲ್ಲಿ ನಿನ್ನ ಹೆಸರಿಗೆ ಹತ್ತಿದ ಮಸಿ ನಾನು ಬಳಿದದ್ದು. ನಾಳೆ ಕಾರು ಕೊಡಲು ಕಿಗ್ಗಕ್ಕೆ ಹೋದಾಗ ಭಟ್ಟರಿಗೆ ಹೇಳುತ್ತೇನೆ, ಆಮೇಲೆ ನಿನ್ನನ್ನು ಆಡಿಕೊಂಡ ಬಸ್‌ಸ್ಟ್ಯಾಂಡಿನವರಿಗೂ. ನೀನು ವಾಪಸು ಬಂದರೆ ಅಂಗಡಿ ನಿನ್ನದೂ ಹೌದು. ಬಾರದಿದ್ದರೆ ನಾನು ದೂರುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ, ಕಣ್ತುಂಬ ನಿದ್ದೆ, ಕೈಗೆ ಒಳ್ಳೆಯ ಕೆಲಸ ನಿನಗಿರಲಿ.

ನಿನ್ನ ಅಣ್ಣ,
ಹೂವಪ್ಪ

ತಾ.ಕ.: ಲಕೋಟೆ ಅಂಟಿಸದೆ ಇಟ್ಟಿದ್ದು ಒಳ್ಳೆಯದಾಯಿತು. ಮಂಗಳವಾರ, ಈಗಷ್ಟೇ ಕಿಗ್ಗದಿಂದ ಬಂದೆ. ಎಲ್ಲ ಹೇಳಿದೆ. ಭಟ್ಟರು ಹೆಂಡತಿಯನ್ನು ಹೊರಗೆ ಕರೆದರು. ತ್ರಿಪುರಸುಂದರಮ್ಮನವರೇ ಹೇಳಿದರು: "ನಿನ್ನ ತಮ್ಮ ಊರು ಬಿಡೋ ಮುಂಚೆ ಇಲ್ಲಿಗೆ ಬಂದಿದ್ದ ಹೂವಪ್ಪಾ. ಬಾನೆಟ್ ಎತ್ತಿ, ವೈರು ಈಚೆಗೆ ಎಳ್ದು ನೋಡ್ದ. ಆಮೇಲೆ ಮುಚ್ಚಿಟ್ಟು ಒಳಗೆ ಬಂದು, ತಪ್ಪು ನಂದೇ ಅಮ್ಮಾ, ಅಣ್ಣನ ಅಂಗಡಿಗೆ ಬರೋದು ಬಿಡ್ಬೇಡಿ ಅಂತ ಕೈ ಮುಗ್ದ." ಅಂದರೆ ನಿನಗೆ ಅವತ್ತೇ ಗೊತ್ತಿತ್ತು! ನನ್ನ ಎಡಗೈ ಸುತ್ತನ್ನು ನೋಡಿಯೂ ಮೂರು ವರ್ಷ ಬಾಯಿ ಬಿಡಲಿಲ್ಲವಲ್ಲೋ. ಭಾನುವಾರ ಮೊದಲ ಬಸ್ಸಿಗೆ ಹಾಸನಕ್ಕೆ ಬರುತ್ತೇನೆ. ಬೈಯುವುದಕ್ಕಾದರೂ ಬಾಗಿಲು ತೆಗಿ.